ಭಾನುವಾರ ಅಂಗಡಿ ಮುಚ್ಚುವ ಊರಿನಲ್ಲಿ

ಸ್ಟೂಡೆಂಟ್ ಎಕ್ಸ್‌ಚೇಂಜ್ ಮುಗಿಸಿ ಬಂದವರಿಗೆ ಮೊದಲು ಬೀಳುವ ಪ್ರಶ್ನೆ, "ಎಷ್ಟು ದೇಶ ನೋಡಿದೆ?" ನನ್ನ ಉತ್ತರ ಕೇಳಿದವರಿಗೆ ನಿರಾಸೆಯೇ ಜಾಸ್ತಿ. ಪ್ಯಾರಿಸ್ ಇಲ್ಲ, ರೋಮ್ ಇಲ್ಲ. 2023ರ ಚಳಿಗಾಲದ ಸೆಮಿಸ್ಟರನ್ನು ಜರ್ಮನಿಯ ಫ್ರೈಬರ್ಗ್‌ನಲ್ಲಿ ಕಳೆದೆ. ವಾರಾಂತ್ಯ ಬಂದರೆ ಅಕ್ಕಪಕ್ಕದಲ್ಲೇ ಸುತ್ತಿದೆ. ಅಷ್ಟೇ ಸಾಕಾಯಿತು.

ನಿಜ ಹೇಳಬೇಕೆಂದರೆ ನಮ್ಮನ್ನು ಹಾಸ್ಟೆಲಿನಿಂದ ಹೊರಗೆ ಓಡಿಸಿದ್ದು ಊರು ನೋಡುವ ಆಸೆಯಲ್ಲ, ಭಾನುವಾರ. ಜರ್ಮನಿಯಲ್ಲಿ ಅವತ್ತು ಅಂಗಡಿ ತೆಗೆಯುವ ಹಾಗಿಲ್ಲ. ಬೇಕರಿ ಒಂದಷ್ಟು ಹೊತ್ತು, ಪೆಟ್ರೋಲ್ ಬಂಕು, ರೈಲ್ವೆ ಸ್ಟೇಷನ್ನಿನ ಒಳಗಿನ ಅಂಗಡಿ, ಅಷ್ಟು ಬಿಟ್ಟರೆ ಊರೆಲ್ಲ ಬಾಗಿಲು ಬಂದ್. ಗೋಡೆಗೆ ಡ್ರಿಲ್ ಹಾಕುವಂತಿಲ್ಲ. ಬೀದಿಯಲ್ಲಿ ಗಾಜು ಹಾಕುವ ಡಬ್ಬಿಗೆ ಖಾಲಿ ಬಾಟಲಿ ಎಸೆಯುವಂತೆಯೂ ಇಲ್ಲ, ಸದ್ದಾಗುತ್ತದೆ ಅಂತ. ಹಾಗಾಗಿ ಶನಿವಾರ ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ನೂಕುನುಗ್ಗಲು.

ಅಲ್ಲೇ ಮೂಲೆಯಲ್ಲಿ ಬಾಟಲಿ ಮೆಷಿನ್ ಇರುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಅದರ ಬಾಯಿಗೆ ಇಟ್ಟರೆ ಒಳಗೆಳೆದುಕೊಂಡು, ಗರಗರ ತಿರುಗಿಸಿ, ಗುರುತು ಓದಿ ನುಂಗುತ್ತದೆ. ಒಂದಕ್ಕೆ 25 ಸೆಂಟ್. ಕೊಳ್ಳುವಾಗ ನಮ್ಮಿಂದಲೇ ಹಿಡಿದುಕೊಂಡ ಠೇವಣಿ ಅದು. ಬಾಟಲಿ ಜಜ್ಜಿ ಹೋಗಿದ್ದರೆ ಮುಖಕ್ಕೆ ವಾಪಸ್ ಉಗುಳುತ್ತದೆ. ಕೊನೆಗೊಂದು ಚೀಟಿ ಕೊಡುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಎಷ್ಟೋ ವಾರ ನಮ್ಮ ಬ್ರೆಡ್ಡಿನ ಖರ್ಚು ಆ ಚೀಟಿಯಲ್ಲೇ ಹೋಗುತ್ತಿತ್ತು.

ವಾರದ ದಿನಗಳ ಬಗ್ಗೆ ಹೇಳುವುದು ಕಡಿಮೆ. 10 ಗಂಟೆಗೆ ಕ್ಲಾಸು ಅಂತ ಬರೆದಿದ್ದರೆ ಶುರುವಾಗುವುದು 10.15ಕ್ಕೆ, ಅದು ಹಳೇ ಪದ್ಧತಿ. ಲೆಕ್ಚರ್ ಮುಗಿದರೆ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ. ಮೊದಲ ದಿನ ನನಗೆ ಜಗಳ ಶುರುವಾಯಿತೇನೋ ಅನ್ನಿಸಿತ್ತು. ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ಊಟ, ರಾತ್ರಿ ಎಲ್ಲರಿಗೂ ಸೇರಿದ ಅಡುಗೆಮನೆ. ಫ್ರಿಜ್ಜಿನ ಬಾಗಿಲಿಗೆ ಯಾವ ವಾರ ಯಾರು ಏನು ತೊಳೆಯಬೇಕು ಎಂಬ ಪಟ್ಟಿ. ಕಸಕ್ಕೆ ಬಣ್ಣಬಣ್ಣದ ಡಬ್ಬಿಗಳು. ಟೀ ಬ್ಯಾಗು ಯಾವುದಕ್ಕೆ ಎಂಬ ಚರ್ಚೆ ಫೆಬ್ರವರಿ ತನಕ ಮುಗಿಯಲಿಲ್ಲ.

ಆ ವರ್ಷ ಮೇ ತಿಂಗಳಲ್ಲಷ್ಟೇ ಡಾಯ್ಚ್‌ಲಾಂಡ್ ಟಿಕೆಟ್ ಬಂದಿತ್ತು. ತಿಂಗಳಿಗೆ 49 ಯೂರೊ ಕೊಟ್ಟರೆ ಇಡೀ ದೇಶದ ಟ್ರಾಮು, ಸಿಟಿ ಬಸ್ಸು, ಪ್ಯಾಸೆಂಜರ್ ರೈಲು ಎಲ್ಲವೂ ಫ್ರೀ ಇದ್ದ ಹಾಗೆ. ಐಸಿಇಯಂಥ ದೂರದ ವೇಗದ ರೈಲು ಮಾತ್ರ ಹತ್ತುವಂತಿಲ್ಲ. ಇದೇ ಒಳ್ಳೆಯದಾಯಿತು ಅಂತ ಈಗಲೂ ಅನ್ನುತ್ತೇನೆ. ಕ್ಲಾಸಿನ ಕೆಲವರು ಅಗ್ಗದ ವಿಮಾನ ಹಿಡಿದು ಶುಕ್ರವಾರ ರಾತ್ರಿ ಹೊರಟರೆ ಸೋಮವಾರ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಬರುತ್ತಿದ್ದರು. ಅವರ ಕಥೆಯಲ್ಲಿ ಊರಿಗಿಂತ ಏರ್‌ಪೋರ್ಟೇ ಜಾಸ್ತಿ ಇರುತ್ತಿತ್ತು.

ನವೆಂಬರಿನಲ್ಲಿ ರೈನ್ ಕಣಿವೆಯ ಮೇಲೆ ಮಂಜು ಕೂತರೆ ದಿನಗಟ್ಟಲೆ ಏಳುವುದಿಲ್ಲ. ಆಗ ಒಂದೇ ಉಪಾಯ, ಬೆಟ್ಟ ಹತ್ತುವ ಹೋಲೆನ್‌ಟಾಲ್ ರೈಲು. ಫ್ರೈಬರ್ಗ್ ಇರುವುದು ಸುಮಾರು 280 ಮೀಟರ್ ಎತ್ತರದಲ್ಲಿ, ಬೆಟ್ಟದ ಮೇಲಿನ ಹಿಂಟರ್‌ಜಾರ್ಟನ್ ಸ್ಟೇಷನ್ 900ರ ಹತ್ತಿರ. 1887ರಲ್ಲಿ ಹಾಕಿದ ಹಳಿ. ಏರು ಎಷ್ಟೆಂದರೆ 1933ರವರೆಗೆ ಮಧ್ಯೆ ಹಲ್ಲಿನ ಹಳಿ ಕಚ್ಚಿಕೊಂಡೇ ರೈಲು ಹತ್ತುತ್ತಿತ್ತು. ಕಿಟಕಿಯಾಚೆ ಏನೂ ಕಾಣದೆ ಹೋಗುತ್ತಿದ್ದೆವು. ಸುರಂಗ, ಮಂಜು, ಮತ್ತೆ ಸುರಂಗ. ಆಮೇಲೆ ಇದ್ದಕ್ಕಿದ್ದಂತೆ ಡಬ್ಬಿಯೊಳಗೆ ಬಿಸಿಲು ಬೀಳುತ್ತಿತ್ತು. ಎಲ್ಲರೂ ಜಾಕೆಟ್ ಬಿಚ್ಚುವವರೇ. ಕೆಳಗೆ ನಮ್ಮ ಊರಿದ್ದ ಕಡೆ ಬರೀ ಬಿಳಿ. ಟಿಟಿಸೇ ಕೆರೆಯ ದಂಡೆಯಲ್ಲಿ ಪ್ರವಾಸಿಗಳ ಗದ್ದಲ ಇರುತ್ತದೆ, ಒಂದು ಸ್ಟೇಷನ್ ಹಿಂದೆ, ಹಿಂಟರ್‌ಜಾರ್ಟನ್‌ನಲ್ಲೇ ಇಳಿದು ಕಾಡಿನಲ್ಲಿ ನಡೆದುಹೋಗುವುದು ಮೇಲು. ಡಿಸೆಂಬರಿನಲ್ಲಿ ಮಾತ್ರ ನಾಲ್ಕೂವರೆಗೆಲ್ಲ ಕತ್ತಲು, ಬೇಗ ಹೊರಡಬೇಕು.

ಬಾಸೆಲ್ ಸ್ವಿಟ್ಜರ್‌ಲ್ಯಾಂಡಿನಲ್ಲಿದೆ, ಆದರೂ ಅದರ ಬಾಡಿಶರ್ ಸ್ಟೇಷನ್ನಿನವರೆಗೆ ನಮ್ಮ ಟಿಕೆಟ್ಟೇ ನಡೆಯುತ್ತದೆ. ಅಲ್ಲಿ ರೈನ್ ದಾಟಿಸುವ ಮರದ ದೋಣಿಗಳಿವೆ. ಮೋಟಾರಿಲ್ಲ, ಹುಟ್ಟಿಲ್ಲ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿ ಕಟ್ಟಿರುತ್ತಾರೆ. ಅಂಬಿಗ ಹಿಡಿ ತಿರುಗಿಸಿ ದೋಣಿಯನ್ನು ಓರೆ ಮಾಡಿದರೆ ಹರಿವ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ನನ್ನ ಮೆಕ್ಯಾನಿಕ್ಸ್ ಕೋರ್ಸಿನ ಅರ್ಧ ಪಾಠ ಅಲ್ಲೇ ಇತ್ತು ಅಲ್ವಾ ಅನ್ನಿಸಿತು. ಬಾಸೆಲ್‌ನಲ್ಲಿ ಊಟ ಮಾತ್ರ ಡಬ್ಬಿ ಕಟ್ಟಿಕೊಂಡು ಹೋಗಿ. ಸ್ವಿಸ್ ಫ್ರಾಂಕಿನಲ್ಲಿ ಕಾಫಿ ಕುಡಿದವರು ಯೂರೊಗೆ ಲೆಕ್ಕ ಹಾಕಬಾರದು.

ಸ್ಟ್ರಾಸ್‌ಬರ್ಗ್‌ಗೆ ಶನಿವಾರ ಹೋದೆವು. ಓಫೆನ್‌ಬುರ್ಗ್‌ನಲ್ಲಿ ರೈಲು ಬದಲಿಸಿ ಕೇಲ್‌ನಲ್ಲಿ ಇಳಿದರೆ, ಸೇತುವೆ ದಾಟಿ ಫ್ರಾನ್ಸಿಗೆ ಕರೆದೊಯ್ಯಲು ಟ್ರಾಮು ಇದೆ. ಅದಕ್ಕೆ ಬೇರೆ ಟಿಕೆಟ್. ಕೆಥೆಡ್ರಲಿನ ಒಳಗಿನ ಖಗೋಳ ಗಡಿಯಾರದ ಆಟ ಮಧ್ಯಾಹ್ನ 12.30ಕ್ಕೆ. ಏಸುವಿನ ಮುಂದೆ ಶಿಷ್ಯರ ಬೊಂಬೆಗಳು ಒಬ್ಬೊಬ್ಬರಾಗಿ ಬಾಗಿ ಹೋಗುತ್ತವೆ, ನಡುನಡುವೆ ಹುಂಜ ರೆಕ್ಕೆ ಬಡಿದು ಕೂಗುತ್ತದೆ. 1840ರ ದಶಕದ ಶುರುವಿನಲ್ಲಿ ಮುಗಿಸಿದ ಯಂತ್ರ ಅದು. ಮಕ್ಕಳಿಗಿಂತ ದೊಡ್ಡವರೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಗಡಿ ದಾಟುವಾಗ ಯಾರೂ ಕೇಳುವುದಿಲ್ಲ ಅಂತ ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಹೋಗಬೇಡಿ. ರೈಲಿನಲ್ಲಿ ಪೊಲೀಸರು ತಪಾಸಣೆ ಮಾಡುವುದುಂಟು.

ಜರ್ಮನಿಯಲ್ಲಿ ಪರೀಕ್ಷೆಯ ಅಂಕ ಉಲ್ಟಾ: 1.0 ಅತ್ಯುತ್ತಮ, 4.0 ಬಂದರೆ ಪಾಸು, 5.0 ಫೇಲು. "1.3 ಬಂತು" ಅಂತ ಮನೆಗೆ ಫೋನ್ ಮಾಡಿದಾಗ ಅಪ್ಪ, "ಹೋಗಲಿ ಬಿಡು, ಇನ್ನೊಮ್ಮೆ ಬರೆಯೋಕೆ ಆಗುತ್ತಾ?" ಅಂದರು.

ಮುಂದಿನ ಸಲ ಹೋಗುವವರಿಗೆ ಒಂದು ವಿಷಯ. ಡಾಯ್ಚ್‌ಲಾಂಡ್ ಟಿಕೆಟಿನ ಬೆಲೆ 2025ರಲ್ಲಿ 58 ಯೂರೊ ಆಯಿತು, 2026ರಲ್ಲಿ 63. ಆದರೂ ತಗೊಳ್ಳಿ. ಅದು ತಾನಾಗಿ ನಿಲ್ಲುವುದಿಲ್ಲ. ವಾಪಸ್ ಹೊರಡುವ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.