ಫ್ಲಾಟ್‌ಬೆಡ್‌ಗೆ ಹೋಗುವ ಮುನ್ನ ಕಂಪನಿಯನ್ನು ಕೇಳಬೇಕಾದ್ದು

ಅಮೆರಿಕದಲ್ಲಿ ಹತ್ತು ವರ್ಷ ಡ್ರೈ ವ್ಯಾನ್ (ಮುಚ್ಚಿದ ಪೆಟ್ಟಿಗೆಯಂಥ ಟ್ರೈಲರ್‌ನ ಲಾರಿ) ಓಡಿಸಿದವರೂ ಫ್ಲಾಟ್‌ಬೆಡ್‌ನಲ್ಲಿ, ಅಂದರೆ ಗೋಡೆ, ಚಾವಣಿ ಇಲ್ಲದ ಬಯಲು ಟ್ರೈಲರ್‌ನಲ್ಲಿ, ಹೊಸಬರೇ. ಗಾಡಿ ಓಡಿಸುವುದು ಗೊತ್ತು, ಲೋಡ್ ಕಟ್ಟುವುದು ಗೊತ್ತಿಲ್ಲ. ಹಾಗಾಗಿ ಮೈಲಿಗೆಷ್ಟು ಹಣ ಎಂದು ಕೇಳುವ ಮೊದಲು ಲೋಡ್ ಕಟ್ಟುವ ತರಬೇತಿ ಎಷ್ಟು ದಿನ, ಆ ದಿನಗಳಿಗೆ ಸಂಬಳ ಇದೆಯೇ ಎಂದು ಕೇಳಿ. ಒಂದು ದಿನ ವಿಡಿಯೊ ತೋರಿಸಿ ಕಳಿಸುವ ಕಂಪನಿ ಬೇಡವೇ ಬೇಡ.

ಕೆಲಸಕ್ಕೆ ಸೇರಿಸಿಕೊಳ್ಳುವ ರಿಕ್ರೂಟರ್‌ಗೆ ಒಂದು ಲೆಕ್ಕ ಕೊಟ್ಟು ನೋಡಿ: 45,000 ಪೌಂಡಿನ ಸ್ಟೀಲ್ ಕಾಯಿಲ್‌ಗೆ (ಉಕ್ಕಿನ ಹಾಳೆಯ ಸುರುಳಿಗೆ) ಎಷ್ಟು ಚೈನ್? ಕಟ್ಟುಗಳ ಒಟ್ಟು ಸಾಮರ್ಥ್ಯ ತೂಕದ ಅರ್ಧ, ಅಂದರೆ 22,500 ಪೌಂಡ್ ಇರಲೇಬೇಕು. 3/8 ಇಂಚಿನ ಗ್ರೇಡ್ 70 (ಲೋಡ್ ಕಟ್ಟುವ ಗಟ್ಟಿ ಉಕ್ಕಿನ) ಚೈನ್ ಒಂದರ ಸಾಮರ್ಥ್ಯ 6,600 ಪೌಂಡ್. ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದರೆ ನಾಲ್ಕು ಸಾಕು. ಹೊರಟ ಬದಿಗೇ ತಿರುಗಿ ಬಂದರೆ ಪ್ರತಿಯೊಂದಕ್ಕೂ ಅರ್ಧವೇ ಲೆಕ್ಕ, ಏಳು ಬೇಕು. ರಿಕ್ರೂಟರ್‌ಗೆ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಸೇಫ್ಟಿ ವಿಭಾಗದವರೂ ತಡವರಿಸಿದರೆ ಎದ್ದು ಬನ್ನಿ.

ಚೈನ್, ಅದನ್ನು ಬಿಗಿಯುವ ಬೈಂಡರ್, ಸ್ಟ್ರಾಪ್, ಟಾರ್ಪಲ್ ಯಾರದ್ದು? ಹರಿದರೆ ನಿಮ್ಮ ಸಂಬಳದಲ್ಲಿ ಹಿಡಿಯುತ್ತಾರೆಯೇ? ಮರದ ಲೋಡಿನ ಟಾರ್ಪಲ್ ಒಂದೊಂದೂ ಸುಮಾರು ನೂರು ಪೌಂಡ್ ತೂಗುತ್ತದೆ, ಗಾಳಿಗೆ ಹಾಯಿಯಂತೆ ಎದ್ದು ಮನುಷ್ಯನನ್ನೇ ಕೆಡವುತ್ತದೆ. ಅದಕ್ಕೆ ಪ್ರತ್ಯೇಕ ಹಣ ಇದೆಯೇ, ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ಕಾಯುವ ಗಂಟೆಗಳಿಗೂ ಅಷ್ಟೇ.

ಸರ್ಕಾರದ ಸೇಫರ್ ಜಾಲತಾಣದಲ್ಲಿ ಕಂಪನಿಯ ಡಿಓಟಿ ಸಂಖ್ಯೆ (ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಹಾಕಿ. ತಪಾಸಣೆಯಲ್ಲಿ ದೋಷ ಕಂಡು ಎಷ್ಟು ಗಾಡಿಗಳನ್ನು ಮುಂದೆ ಹೋಗದಂತೆ ತಡೆದು ನಿಲ್ಲಿಸಿದ್ದಾರೆ ಎಂಬ ಪ್ರಮಾಣ ರಾಷ್ಟ್ರೀಯ ಸರಾಸರಿಯ ಜೊತೆಗೇ ಕಾಣುತ್ತದೆ. ಮೊದಲ 50 ಮೈಲಿಯೊಳಗೆ ನಿಲ್ಲಿಸಿ ಕಟ್ಟು ಬಿಗಿ ನೋಡುವುದು ಕಾನೂನು. ಅದಕ್ಕೂ ಗೊಣಗುವ ಡಿಸ್ಪ್ಯಾಚರ್‌ಗಳಿದ್ದಾರೆ (ಡ್ರೈವರ್‌ಗಳಿಗೆ ಲೋಡ್ ಹಂಚುವವರು).