ಕೀಲುನೋವು ಇಟ್ಟುಕೊಂಡು ವ್ಯಾಯಾಮ ಯಾಕೆ ಮಾಡ್ತೀರಾ?

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ. ವ್ಯಾಯಾಮವನ್ನೂ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಸುಮ್ನೆ ರೆಸ್ಟ್ ತಗೋಬಾರದಾ? ಕೀಲು ಇನ್ನೂ ಸವೆಯಲ್ವಾ?" ಪ್ರಶ್ನೆಯೇನೋ ಸರಿ. ಆದರೆ ಉತ್ತರ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಒಮ್ಮೆ ನಾನು ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆಯುತ್ತಿದ್ದಾಗ ಮನೆಗೆ ಬಂದ ನೆಂಟರೊಬ್ಬರು ಅದನ್ನು ಕಿತ್ತುಕೊಂಡೇಬಿಟ್ಟರು. "ಬಿಡಮ್ಮ, ಬೆರಳು ಇನ್ನೂ ಸೊಟ್ಟ ಆಗುತ್ತೆ" ಅಂದರು. ಪ್ರೀತಿಯಿಂದಲೇ ಅಂದದ್ದು, ಆದರೂ ನನಗೆ ಸಿಟ್ಟು ಬಂತು. ಬೆರಳು ಸೊಟ್ಟ ಆಗುವುದು ರಬ್ಬರ್ ಬ್ಯಾಂಡಿನಿಂದ ಅಲ್ಲ. ಈ ಕಾಯಿಲೆಯಲ್ಲಿ ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ, ಅಲ್ಲಿ ಉರಿಯೂತ ಶುರುವಾಗಿ ಮೂಳೆ, ಮೃದ್ವಸ್ಥಿ ಎಲ್ಲ ಹಾಳಾಗುತ್ತಾ ಹೋಗುತ್ತವೆ. ಅದನ್ನು ಹತೋಟಿಗೆ ತರುವುದು ಔಷಧ. ವ್ಯಾಯಾಮ ಅದರ ಬದಲಿಗೆ ಅಲ್ಲ, ಅದರ ಜೊತೆಗೆ.

ಬ್ರಿಟನ್ನಿನಲ್ಲಿ ಈ ಕಾಯಿಲೆ ಇರುವ 490 ಜನರ ಕೈಗಳ ಮೇಲೆ ಒಂದು ಅಧ್ಯಯನ ನಡೆದು 2015ರಲ್ಲಿ ಪ್ರಕಟವಾಯಿತು. ಕೈಗೆ ಬಲ ಕೊಡುವ, ಬೆರಳು ಚಾಚಿಸುವ ವ್ಯಾಯಾಮ ಕಲಿತವರ ಕೈ ಒಂದು ವರ್ಷದ ನಂತರ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನೋವೂ ಜಾಸ್ತಿ ಆಗಲಿಲ್ಲ. ಒಂದು ಕಾಲದಲ್ಲಿ ವೈದ್ಯರೇ ವಾರಗಟ್ಟಲೆ ಮಲಗಿರಿ ಅನ್ನುತ್ತಿದ್ದರು, ನಿಜ. ಅವರು ಆ ಸಲಹೆ ಬಿಟ್ಟು ಎಷ್ಟೋ ವರ್ಷವಾಯಿತು, ನೆಂಟರು ಇನ್ನೂ ಬಿಟ್ಟಿಲ್ಲ.

ಮಲಗಿದರೆ ಏನಾಗುತ್ತೆ ಗೊತ್ತಾ? ಈ ಕಾಯಿಲೆಯೇ ಸ್ನಾಯುಗಳನ್ನು ಕರಗಿಸುತ್ತದೆ, ಮಲಗಿದರೆ ಇನ್ನೂ ಬೇಗ ಕರಗುತ್ತವೆ, ಆಮೇಲೆ ಭಾರವೆಲ್ಲ ನೋಯುವ ಕೀಲಿನ ಮೇಲೇ. ನಮಗೆ ಹೃದ್ರೋಗದ ಅಪಾಯವೂ ಬೇರೆಯವರಿಗಿಂತ ಜಾಸ್ತಿ. ಉರಿಯೂತ ಇಳಿಸಲು ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮೂಳೆ ಬೇರೆ ತೆಳ್ಳಗಾಗುತ್ತದೆ. ಹೃದಯಕ್ಕೂ ಮೂಳೆಗೂ ಓಡಾಟ ಬೇಕು. ಇನ್ನು ಸುಸ್ತು! ನಿದ್ದೆ ಮಾಡಿದರೂ ಹೋಗದ ಆ ಸುಸ್ತು ನಡೆದಾಡಿದರೆ ಸ್ವಲ್ಪ ಇಳಿಯುತ್ತದೆ. ನಡೆಯುವ ಚಪ್ಪಲಿ ಹಾಕಿಕೊಳ್ಳುವುದೇ ಕಷ್ಟದ ಕೆಲಸ, ಒಪ್ಪುತ್ತೇನೆ.

ನೀವು ಕೇಳಬೇಕಾದದ್ದು ಬೇರೆ: "ಇವತ್ತು ಎಷ್ಟು ಮಾಡಬೇಕು ಅಂತ ಹೇಗೆ ಗೊತ್ತಾಗುತ್ತೆ?" ಇದನ್ನು ಯಾರಾದರೂ ಕೇಳಿದರೆ ಕೂತು ಮಾತಾಡುತ್ತೇನೆ. ಫಿಸಿಯೋಥೆರಪಿಸ್ಟ್‌ಗಳು ಹೇಳಿಕೊಡುವ ಒಂದು ಲೆಕ್ಕವಿದೆ. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ಮೊದಲಿಗಿಂತ ನೋವು ಜಾಸ್ತಿ ಇದ್ದರೆ ಮುಂದಿನ ಸಲ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಬೆಳಿಗ್ಗೆ ಕೀಲು ಬಿಗಿದುಕೊಂಡಿರುವಾಗ ಹಟ ಬೇಡ, ಅದು ಸಡಿಲವಾದ ಮೇಲೆ ಮಾಡಿ. ಕೀಲು ಊದಿ ಬಿಸಿಯಾದ ದಿನ ಭಾರ ಎತ್ತುವುದಿಲ್ಲ. ನಿಧಾನವಾಗಿ ಮಡಚಿ ಬಿಡಿಸುತ್ತೇನೆ, ಕೀಲು ಅಲ್ಲಾಡಿಸದೆ ಸ್ನಾಯುವನ್ನಷ್ಟೇ ಬಿಗಿ ಹಿಡಿದು ಬಿಡುತ್ತೇನೆ. ಊತ ಇಳಿದ ಮೇಲೆ ನಡಿಗೆ, ಸೈಕಲ್, ಈಜು, ಯಾವುದು ಇಷ್ಟವೋ ಅದು.

ಕುತ್ತಿಗೆಯ ವಿಷಯದಲ್ಲಿ ಮಾತ್ರ ಜೋಪಾನ. ಈ ಕಾಯಿಲೆಯಲ್ಲಿ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಬಹುದು. ಅಲ್ಲಿ ನೋವಿದ್ದರೆ, ಕೈ ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ವ್ಯಾಯಾಮ ಆಮೇಲೆ.