ಡ್ರಮ್ಮಿನ ಹೊಟ್ಟೆಯಲ್ಲಿ ಕೆಂಪು ಮುದ್ರೆ

2024 ನವೆಂಬರ್ 16, ಶನಿವಾರ
ಶಿಕಾಗೊ

ಹೋದ ವಾರ ಕೊಂಡು ತಂದ ಅಮೆರಿಕದ ಲಡ್ವಿಗ್ ಕಂಪನಿಯ ಹಳೆಯ ಡ್ರಮ್ ಸೆಟ್ಟಿನಿಂದ ಟಾಮ್ ಎನ್ನುವ 13 ಅಂಗುಲದ ಡ್ರಮ್ಮನ್ನು ಇಂದು ಪೂರ್ತಿ ಬಿಚ್ಚಿದೆ. ಬೆಳಿಗ್ಗೆ ನೆಲಮಾಳಿಗೆಗೆ ಇಳಿದವನು ಊಟಕ್ಕೂ ಎದ್ದಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಮೃದಂಗ ಕಲಿತವನು ನಾನು. ಬಾಯಿಗೆ ಹೊದಿಸುವ ಮುಚ್ಚಿಗೆ, ಅದನ್ನು ಬಿಗಿಯುವ ಚರ್ಮದ ಬಾರು ಎಂಬ ಮಾತುಗಳನ್ನು ಯಾರೂ ಕೂರಿಸಿ ಹೇಳಿಕೊಡಲಿಲ್ಲ, ಕೇಳುತ್ತ ಕೇಳುತ್ತ ಬಂದವು. ಇಲ್ಲಿ ಹಾಗಲ್ಲ. ಒಂದೊಂದು ತಿರುಪು ಬಿಚ್ಚಿದಾಗಲೂ ಅದರ ಹೆಸರು ಹುಡುಕಬೇಕು.

ಮರದ ಒಡಲು ಶೆಲ್. ಬಾಯಿಗೆ ಬಿಗಿದದ್ದು ಹೆಡ್, ಅದನ್ನು ಒತ್ತಿ ಹಿಡಿಯುವ ಲೋಹದ ಬಳೆ ಹೂಪ್. ಹೂಪಿನಿಂದ ಇಳಿಯುವ ಉದ್ದನೆಯ ತಿರುಪು ಟೆನ್ಷನ್ ರಾಡ್, ಅದು ಹೋಗಿ ಕಚ್ಚಿಕೊಳ್ಳುವ ಗೂಡು ಲಗ್. ಮೃದಂಗದಲ್ಲಿ ಬಾರು ಮಾಡುವ ಕೆಲಸವನ್ನೇ ಇಲ್ಲಿ ರಾಡು, ಲಗ್ಗು ಮಾಡುತ್ತವೆ. ಅಲ್ಲಿ ಕಲ್ಲಿನಿಂದ ಅಂಚು ತಟ್ಟಿ ಶ್ರುತಿಗೆ ತರುತ್ತೇವೆ, ಇಲ್ಲಿ ಕೀಲಿ ತಿರುಗಿಸಿ. 1957ರ ಸುಮಾರಿಗೆ ಪ್ಲಾಸ್ಟಿಕ್ ಹೆಡ್ ಬಳಕೆಗೆ ಬರುವ ತನಕ ಇವಕ್ಕೂ ಕರುವಿನ ಚರ್ಮವೇ. ಮಳೆ ಬಂದರೆ ಸಡಿಲ, ಬಿಸಿಲಿಗೆ ಬಿಗಿ. ಆ ಪಾಡು ನನಗೆ ಚೆನ್ನಾಗಿ ಗೊತ್ತು.

ಒಂದು ಲಗ್ಗನ್ನು ಕಳಚಿ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಸಣ್ಣಗೆ ಕಿಣಿಕಿಣಿ. ನೋಡಿದರೆ ಒಂದು ನಟ್, ಅದನ್ನು ತನ್ನ ಜಾಗದಲ್ಲಿ ಒತ್ತಿ ನಿಲ್ಲಿಸಿರುವ ಪುಟ್ಟ ಸ್ಪ್ರಿಂಗ್. ರಾಡು ತುಸು ವಾರೆಯಾಗಿ ಬಂದರೂ ನಟ್ ಬಾಗಿಕೊಟ್ಟು ಹಿಡಿಯುತ್ತದೆ. ಆದರೆ ಡ್ರಮ್ ನುಡಿದಾಗ ಸ್ಪ್ರಿಂಗೂ ಜೊತೆಗೆ ಝೇಂಕರಿಸುತ್ತದೆ. ಹಳಬರು ಅದರ ಸುತ್ತ ಹತ್ತಿ ತುರುಕುತ್ತಿದ್ದದ್ದು ಇದಕ್ಕೇ. ನಾನೂ ತುರುಕಿದೆ. ಒಂದು ವಾರದಿಂದ ಕಾಡುತ್ತಿದ್ದ ಗೊರಗೊರ ನಿಂತಿತು!

ಶೆಲ್ಲಿನ ಒಳಗೆ, ಎರಡೂ ಅಂಚಿಗೆ ಒಂದೊಂದು ಮೇಪಲ್ ಮರದ ಪಟ್ಟಿ ಅಂಟಿಸಿದ್ದಾರೆ. ಇದು ರೀ-ರಿಂಗ್. ಮೂರೇ ಪದರದ ತೆಳು ಶೆಲ್ ದುಂಡಗೆ ಉಳಿಯಲೆಂದು ಕೊಟ್ಟ ಆಸರೆ. ಅದರ ನೆತ್ತಿಯಲ್ಲಿ ಹೆಡ್ ಕೂರುವ ಇಳಿಜಾರಾದ ಅಂಚು ಬೇರಿಂಗ್ ಎಡ್ಜ್. ಬೆರಳಾಡಿಸಿದೆ, ಎಲ್ಲಿಯೂ ತರಚಿಲ್ಲ. ನಾದ ಹುಟ್ಟುವ ಜಾಗ ಇದು. ಹೊರಗಿನ ಮಿನುಗುವ ಹೊದಿಕೆಗಿಂತ ಇದನ್ನೇ ಮೊದಲು ನೋಡಬೇಕಿತ್ತು ಎನ್ನಿಸಿತು.

ಹೊರಗೆ ಕೀಸ್ಟೋನ್ ಬ್ಯಾಡ್ಜ್ ಎನ್ನುವ ಕಂಪನಿಯ ಲೋಹದ ಬಿಲ್ಲೆ, ಅದರಲ್ಲಿ ಒಂದು ಸಂಖ್ಯೆ. ಗಾಳಿ ಹೋಗುವ ತೂತಿನ ಲೋಹದ ಬಳೆಯೇ ಬ್ಯಾಡ್ಜನ್ನೂ ಹಿಡಿದಿದೆ. ಸಂಖ್ಯೆ ನೋಡಿ ವರ್ಷ ಹೇಳುತ್ತೇನೆಂದು ಹೊರಟಿದ್ದೆ, ಆಗಲಿಲ್ಲ. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಅಮೆರಿಕದ ಟಿವಿಯಲ್ಲಿ ಲಡ್ವಿಗ್ ನುಡಿಸಿದ ಮೇಲೆ ಬೇಡಿಕೆ ಉಕ್ಕಿ, ಇದೇ ಊರಿನ ಡೇಮನ್ ಅವೆನ್ಯೂ ಕಾರ್ಖಾನೆ ಹಗಲು ರಾತ್ರಿ ನಡೆಯಿತು. ಬ್ಯಾಡ್ಜುಗಳನ್ನು ಕ್ರಮವಾಗಿಯೇ ಬಡಿದರೆಂದು ನಂಬುವಂತಿಲ್ಲ. ಟಾರ್ಚ್ ಹಿಡಿದು ಶೆಲ್ಲಿನ ಒಳಗೆ ನೋಡಿದೆ. ಚುಕ್ಕೆಚುಕ್ಕೆಯ ಬೂದು ಬಣ್ಣದ ಮೇಲೆ, ಸ್ವಲ್ಪ ಓರೆಯಾಗಿ, ಕೆಂಪು ಶಾಯಿಯ ಮುದ್ರೆ: ಮೇ 18, 1966. ಯಾರೋ ಕೆಲಸಗಾರ ಕೈಯಾರೆ ಒತ್ತಿದ್ದು. ಎಷ್ಟು ಹೊತ್ತು ನೋಡುತ್ತ ಕುಳಿತಿದ್ದೆನೋ.

ನಾಳೆ 22 ಅಂಗುಲದ ಬಾಸ್ ಡ್ರಮ್ಮಿನ ಸರದಿ. ಮರದ ಹೂಪನ್ನು ಕಚ್ಚುವ ಕೊಕ್ಕೆಗಳಿಗೆ ಕ್ಲಾ ಎನ್ನುತ್ತಾರೆ. ಒಂದು ಬದಿಗೆ ಹತ್ತು. ಹೋದ ವಾರ ಎಲ್ಲವೂ ಒಂದೇ ತರಹ ಕಂಡಿದ್ದವು. ಈಗ ತಾನೆ ಮೆಟ್ಟಿಲು ಹತ್ತುವಾಗ ಹಿಂತಿರುಗಿ ನೋಡಿದೆ, ಏಳನೆಯದು ಬೇರೆ ಯಾವುದೋ ಡ್ರಮ್ಮಿನದು.